ಮುಂಬಯಿ ಬಿಟ್ಟು ಸಣ್ಣ ಊರಿಗೆ: ನೆಲೆಸುವ ಮುನ್ನ ಊರನ್ನು ಪರೀಕ್ಷಿಸಲು ಒಂದು ಸಮಗ್ರ ಮಾರ್ಗದರ್ಶಿ

ಮುಂಬಯಿ ಕನ್ನಡಿಗರ ಮನೆಗಳಲ್ಲಿ ಸಣ್ಣ ಊರಿಗೆ ಹೋಗಿ ನೆಲೆಸುವ ಮಾತು ಸಾಮಾನ್ಯವಾಗಿ ಮೂರು ಸಂದರ್ಭಗಳಲ್ಲಿ ಏಳುತ್ತದೆ: ನಿವೃತ್ತಿಗೆ ಒಂದೆರಡು ವರ್ಷ ಉಳಿದಾಗ, ಇರುವ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಗಿ ಹೇಗೂ ಮನೆ ಖಾಲಿ ಮಾಡಬೇಕಾಗಿ ಬಂದಾಗ, ಇಲ್ಲವೇ ಮನೆಯಿಂದಲೇ ಕೆಲಸ ಮಾಡಲು ಕಂಪನಿ ಒಪ್ಪಿದಾಗ. ಆಗ ಎಣಿಕೆಗೆ ಬರುವ ಊರುಗಳೂ ಹೆಚ್ಚುಕಡಿಮೆ ಗೊತ್ತಿದ್ದವೇ. ಲೋಕಲ್ ರೈಲಿನ ತುದಿಯ ಕರ್ಜತ್, ಪುಣೆ ಕಡೆಯ ತಳೇಗಾಂವ್, ಕೃಷ್ಣಾ ತೀರದ ವಾಯಿ, ಗೋವೆಯ ಫೋಂಡಾ, ಕರಾವಳಿಯ ಕುಂದಾಪುರ ಅಥವಾ ಕಾರ್ಕಳ, ಘಟ್ಟದ ಮೇಲಿನ ಶಿರಸಿ.

ಈ ಊರುಗಳನ್ನು ನಾವು ನೋಡಿರುವುದು ಬಹುತೇಕ ಅತಿಥಿಗಳಾಗಿಯೇ. ರಜೆಯಲ್ಲಿ ಮದುವೆ, ಉಪನಯನ, ನೇಮ, ಜಾತ್ರೆಗಳಿಗೆ ಹೋದಾಗ ನೀರಿನ ಪಂಪ್ ಹಾಕುವ, ಗ್ಯಾಸ್ ತರಿಸುವ, ಕರೆಂಟು ಹೋದರೆ ಲೈನ್‌ಮನ್‌ಗೆ ಫೋನು ಮಾಡುವ ಕೆಲಸಗಳನ್ನೆಲ್ಲ ಅಲ್ಲಿರುವ ಅಣ್ಣ-ಅತ್ತಿಗೆ ಮಾಡಿ ಮುಗಿಸಿರುತ್ತಾರೆ. ಹೀಗಾಗಿ ಇಪ್ಪತ್ತು ಸಲ ಹೋಗಿ ಬಂದ ಊರೂ ನಮಗೆ ಗೊತ್ತಿಲ್ಲದ ಊರಾಗಿಯೇ ಉಳಿದಿರುವ ಸಾಧ್ಯತೆಯಿದೆ. ಈ ಮಾರ್ಗದರ್ಶಿ ಒಂದೇ ನಿಯಮವನ್ನು ಆಧರಿಸಿದೆ: ಊರನ್ನು ಅದರ ಅತ್ಯಂತ ಕಷ್ಟದ ತಿಂಗಳಿನಲ್ಲಿ, ನಿಮ್ಮ ಮನೆಯ ಅತ್ಯಂತ ದುರ್ಬಲ ಸದಸ್ಯರ ಅಗತ್ಯಗಳನ್ನು ಮುಂದಿಟ್ಟುಕೊಂಡು ಅಳೆಯಬೇಕು. ಕೊಂಕಣ ಮತ್ತು ಪಶ್ಚಿಮಘಟ್ಟದ ಊರುಗಳ ಮಟ್ಟಿಗೆ ಕಷ್ಟದ ತಿಂಗಳುಗಳು ಎರಡು. ಒಂದು ಜುಲೈ, ಇನ್ನೊಂದು ಮೇ.

ಹಂತ 1: ಮನೆಯವರೆಲ್ಲರ ಅಗತ್ಯಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ

ಒಟ್ಟಿಗೆ ಕುಳಿತು ಪಟ್ಟಿ ಮಾಡಿದರೆ ಮನೆಯಲ್ಲಿ ಹೆಚ್ಚು ಮಾತಾಡುವವರ ಆಸೆಗಳಷ್ಟೇ ಕಾಗದಕ್ಕೆ ಇಳಿಯುತ್ತವೆ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ಒಂದು ಸಾಮಾನ್ಯ ವಾರವನ್ನು ಬೇರೆಯಾಗಿ ಬರೆಯಲಿ: ಎಲ್ಲಿಗೆ ಹೋಗುತ್ತಾರೆ, ಹೇಗೆ ಹೋಗುತ್ತಾರೆ, ಯಾರನ್ನು ಭೇಟಿಯಾಗುತ್ತಾರೆ, ಯಾವ ಔಷಧಿ ತರಿಸುತ್ತಾರೆ. ಊರಿಗೆ ಹೋಗೋಣವೆಂಬ ಉತ್ಸಾಹ ಹೆಚ್ಚಾಗಿ ಮನೆಯ ಯಜಮಾನರದ್ದಾಗಿದ್ದು, ಅದರ ಬೆಲೆ ತೆರುವವರು ಹೆಚ್ಚಾಗಿ ಮನೆಯ ಹೆಂಗಸರು ಎಂಬುದನ್ನು ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಡೊಂಬಿವಲಿಯಲ್ಲೋ ಭಾಂಡೂಪಿನಲ್ಲೋ ಮೂವತ್ತು ವರ್ಷ ಕಳೆದ ಒಬ್ಬ ಗೃಹಿಣಿಗೆ ಭಜನಾ ಮಂಡಳಿಯ ಗೆಳತಿಯರಿದ್ದಾರೆ, ನಾಕಾದ ತರಕಾರಿಯವನು ಗೊತ್ತು, ಸಂಜೆ ಏಳರ ಮೇಲೂ ಒಬ್ಬರೇ ರಿಕ್ಷಾ ಹತ್ತಿ ಹೋಗುವ ಸ್ವಾತಂತ್ರ್ಯವಿದೆ. ಹೊಸ ಊರಿನಲ್ಲಿ ಅವರು ಪ್ರತಿಯೊಂದಕ್ಕೂ ಗಂಡನ ಸ್ಕೂಟರನ್ನು ಕಾಯಬೇಕಾದರೆ ಆ ಊರಿನ ತಂಗಾಳಿಯಿಂದ ಅವರಿಗೆ ಹೆಚ್ಚಿನ ಪ್ರಯೋಜನವಿಲ್ಲ.

ಪಟ್ಟಿಗಳು ಸಿದ್ಧವಾದ ಮೇಲೆ ಪ್ರತಿಯೊಬ್ಬರೂ ತಮಗೆ ಬಿಡಲಾಗದ ಎರಡು ಅಂಶಗಳಿಗೆ ಗುರುತು ಹಾಕಲಿ. ಇವು ಮುಂದೆ ಊರುಗಳನ್ನು ಕೈಬಿಡಲು ಬಳಸುವ ಗೆರೆಗಳು. ಊರು ನೋಡಿ ಮನಸೋತ ಮೇಲೆ ಎಳೆಯುವ ಗೆರೆ ಆ ಊರಿಗೆ ಅನುಕೂಲವಾಗಿಯೇ ಬೀಳುವುದರಿಂದ ಈ ಕೆಲಸ ಊರುಗಳನ್ನು ನೋಡುವ ಮೊದಲೇ ಆಗಬೇಕು.

ಹಂತ 2: ಒಂದೇ ಊರಿಗೆ ಅಂಟಿಕೊಳ್ಳದೆ, ಎರಡು-ಮೂರನ್ನು ಎದುರಿಗಿಡಿ

ಸಣ್ಣ ಊರು ಎಂದರೆ ಎಷ್ಟು ಸಣ್ಣದು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಿ. ಕರ್ನಾಟಕದಲ್ಲಿ ಸಾಮಾನ್ಯವಾಗಿ 10,000ದಿಂದ 20,000 ಜನರಿರುವಲ್ಲಿ ಪಟ್ಟಣ ಪಂಚಾಯಿತಿ, 50,000ದವರೆಗೆ ಪುರಸಭೆ, ಅದಕ್ಕೂ ಮೇಲೆ ನಗರಸಭೆ ಇರುತ್ತದೆ. ಮಹಾರಾಷ್ಟ್ರದಲ್ಲಿ ನಗರ ಪಂಚಾಯತ್ ಮತ್ತು ನಗರ ಪರಿಷತ್ ಎಂಬ ಏರ್ಪಾಡಿದೆ. ನೀವು ನೋಡಿದ ಮನೆ ಊರಿನ ಹೆಸರಿನಲ್ಲಿದ್ದರೂ ಆಡಳಿತದ ಲೆಕ್ಕದಲ್ಲಿ ಪಕ್ಕದ ಗ್ರಾಮ ಪಂಚಾಯಿತಿಗೆ ಸೇರಿರಬಹುದು. ಆಗ ನಲ್ಲಿ ನೀರು, ಕಸ ವಿಲೇವಾರಿ, ಬೀದಿ ದೀಪ, ಕಟ್ಟಡ ಪರವಾನಗಿ ಎಲ್ಲವೂ ಬೇರೆ ಕಚೇರಿಯ ಪಾಲಾಗುತ್ತವೆ. ಜನಸಂಖ್ಯೆಗಾಗಿ ಅಂತರ್ಜಾಲದಲ್ಲಿ ಸಿಗುವ ಅಂಕಿಗಳು ಹೆಚ್ಚಾಗಿ 2011ರ ಜನಗಣತಿಯವು. ಬದಲಾಪುರದಂತೆ ಆಮೇಲೆ ಬೆಳೆದ ಊರುಗಳಿಗೆ ಅವು ಈಗ ಹೊಂದುವುದಿಲ್ಲ.

ಆಯ್ಕೆ ಮಾಡುವಾಗ ಒಂದು ಮುಂಬಯಿಗೆ ಹತ್ತಿರದ ಊರು, ಒಂದು ಸ್ವಂತ ಜಿಲ್ಲೆಯ ಊರು, ಒಂದು ಎರಡೂ ಅಲ್ಲದ ಊರು, ಹೀಗೆ ಮೂರು ಬಗೆಯವು ಇದ್ದರೆ ಹೋಲಿಕೆಗೆ ಅರ್ಥ ಬರುತ್ತದೆ. ಕಾರ್ಕಳವೊಂದನ್ನೇ ನೋಡುವವರಿಗೆ ಕಾರ್ಕಳದ ಕೊರತೆಗಳು ಕಾಣುವುದಿಲ್ಲ.

ಹಂತ 3: ಕಿಲೋಮೀಟರುಗಳನ್ನು ಬಿಟ್ಟು ಗಂಟೆಗಳಲ್ಲಿ ಲೆಕ್ಕ ಹಾಕಿ

ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸಿನಿಂದ ಕರ್ಜತಿಗೆ ರೈಲು ದಾರಿ ಸುಮಾರು 100 ಕಿ.ಮೀ., ಲೋಕಲಿನಲ್ಲಿ ಹೆಚ್ಚುಕಡಿಮೆ ಎರಡು ಗಂಟೆ. ವಾರಕ್ಕೆ ಒಂದು ದಿನ ಫೋರ್ಟಿನ ಕಚೇರಿಗೆ ಬರಬೇಕಾದವರಿಗೆ ಇದು ಸಹ್ಯ, ಐದು ದಿನ ಬರಬೇಕಾದವರಿಗೆ ಶಿಕ್ಷೆ. ಕಲ್ಯಾಣ ದಾಟಿದ ಮೇಲೆ ರೈಲುಗಳ ಸಂಖ್ಯೆ ಕಡಿಮೆಯಾಗುವುದರಿಂದ ಒಂದು ಲೋಕಲ್ ತಪ್ಪಿದರೆ ಮುಂದಿನದಕ್ಕೆ ಎಷ್ಟು ಹೊತ್ತು ಕಾಯಬೇಕು, ರಾತ್ರಿಯ ಕೊನೆಯ ಗಾಡಿ ಎಷ್ಟಕ್ಕೆ ಎಂಬುದನ್ನು ವೇಳಾಪಟ್ಟಿಯಲ್ಲಿ ನೋಡಿಯೇ ಮುಂದುವರಿಯಬೇಕು.

ಕರಾವಳಿಗೆ ಹೋಗುವವರಿಗೆ ಕೊಂಕಣ ರೈಲ್ವೆಯೇ ಆಧಾರ. 1998ರಲ್ಲಿ ಈ ಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ಮುಂಬಯಿಯಿಂದ ಉಡುಪಿ ಒಂದು ರಾತ್ರಿಯ ಪ್ರಯಾಣವಾಯಿತು. ಆದರೆ ಮಳೆಗಾಲದಲ್ಲಿ ಇಲ್ಲಿ ಬೇರೆಯೇ ವೇಳಾಪಟ್ಟಿ ಜಾರಿಯಲ್ಲಿರುತ್ತದೆ, ಗಾಡಿಗಳ ವೇಗವೂ ತಗ್ಗುತ್ತದೆ. ಮುಂಗಡ ಕಾಯ್ದಿರಿಸುವಿಕೆಯ ಅವಧಿ 2024ರ ನವೆಂಬರಿನಿಂದ 60 ದಿನಗಳಿಗೆ ಇಳಿದಿದೆ. ಚೌತಿ, ಬೇಸಿಗೆ ರಜೆಗಳ ಸಮಯದಲ್ಲಿ ಟಿಕೆಟ್ ಸಿಗುವ ಕಷ್ಟ ನಮಗೆಲ್ಲ ಗೊತ್ತಿರುವುದೇ. ನೀವು ಅಲ್ಲಿ ನೆಲೆಸಿ ಮಕ್ಕಳು ಮುಂಬಯಿಯಲ್ಲೇ ಉಳಿದರೆ, ತುರ್ತಾಗಿ ಬರಬೇಕಾದ ಮಗ ಅಥವಾ ಮಗಳು ಯಾವ ದಾರಿಯಲ್ಲಿ, ಎಷ್ಟು ಗಂಟೆಯಲ್ಲಿ ಮನೆ ಮುಟ್ಟಬಹುದೆಂದು ಬರೆದಿಡಿ. ನಿಲ್ದಾಣದಿಂದ ಊರಿಗಿರುವ ದೂರವನ್ನೂ ಮರೆಯಬೇಡಿ. ಕುಂದಾಪುರದ ನಿಲ್ದಾಣ ಪೇಟೆಯಿಂದ ಹೊರಗೆ ಮೂಡ್ಲಕಟ್ಟೆಯಲ್ಲಿದೆ. ಕಾರ್ಕಳಕ್ಕೆ, ಶಿರಸಿಗೆ ರೈಲೇ ಇಲ್ಲ.

ಬರಲಿರುವ ರೈಲು, ಬರಲಿರುವ ಹೆದ್ದಾರಿಗಳಿಗೆ ಇಂದು ಹಣ ಕೊಡಬೇಡಿ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ಮಂಜೂರಾದದ್ದು 1990ರ ದಶಕದಲ್ಲಿ. ಅದನ್ನು ನಂಬಿ ಅಂದು ಜಾಗ ಕೊಂಡ ನಡುವಯಸ್ಕರು ಇಂದು ಮುದುಕರಾಗಿದ್ದಾರೆ.

ಹಂತ 4: ಆಸ್ಪತ್ರೆಯನ್ನು ಎಲ್ಲಕ್ಕಿಂತ ಕಟುವಾಗಿ ಪರೀಕ್ಷಿಸಿ

ಪರೇಲ್, ಸಯನ್ ಸುತ್ತಮುತ್ತ ದೇಶದ ದೊಡ್ಡ ಆಸ್ಪತ್ರೆಗಳ ನೆರಳಿನಲ್ಲೇ ಬದುಕಿದ ನಮಗೆ ವೈದ್ಯಕೀಯ ಸೌಲಭ್ಯ ಗಾಳಿಯಷ್ಟೇ ಸಹಜವೆನಿಸಿಬಿಟ್ಟಿದೆ. ಸಣ್ಣ ಊರಿನಲ್ಲಿ ಒಳ್ಳೆಯ ವೈದ್ಯರು ಇಲ್ಲವೆಂದಲ್ಲ. ಹಗಲು ಹತ್ತು ಗಂಟೆಗೆ ಜ್ವರಕ್ಕೆ ಮದ್ದು ಕೊಡುವ, ಮನೆಮಂದಿಯನ್ನೆಲ್ಲ ಹೆಸರಿನಿಂದ ಬಲ್ಲ ಡಾಕ್ಟರು ಅಲ್ಲಿಯೇ ಸುಲಭವಾಗಿ ಸಿಗುತ್ತಾರೆ. ಪರೀಕ್ಷೆಯಾಗಬೇಕಾದದ್ದು ರಾತ್ರಿ ಎರಡು ಗಂಟೆಯ ಏರ್ಪಾಡು.

ಪಾರ್ಶ್ವವಾಯು ಹೊಡೆದಾಗ ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮುನ್ನ ಮಿದುಳಿನಲ್ಲಿ ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಳ್ಳಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಅಂದರೆ ಸ್ಕ್ಯಾನ್ ಯಂತ್ರ ಊರಿನಲ್ಲಿದ್ದರೆ ಸಾಲದು, ಅದನ್ನು ನಡೆಸುವವರು, ವರದಿ ಓದುವವರು, ಚುಚ್ಚುಮದ್ದು ಕೊಡಬಲ್ಲ ವೈದ್ಯರು ಆ ಹೊತ್ತಿನಲ್ಲಿ ಸಿಗಬೇಕು. ಹೃದಯಾಘಾತಕ್ಕೂ ಇದೇ ಮಾತು. ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್‌ಲ್ಯಾಬ್ ಎರಡು ಗಂಟೆಯೊಳಗೆ ಸಿಗದಿದ್ದರೆ ಹೆಪ್ಪು ಕರಗಿಸುವ ಔಷಧಿಯನ್ನಾದರೂ ಹತ್ತಿರದಲ್ಲೇ ಕೊಡಿಸಬೇಕಾಗುತ್ತದೆ. ಆದ್ದರಿಂದ ಊರಿನ ದೊಡ್ಡ ಆಸ್ಪತ್ರೆಗೆ ಹೋಗಿ ಈ ಪ್ರಶ್ನೆಗಳನ್ನು ಮುಲಾಜಿಲ್ಲದೆ ಕೇಳಿ: ರಾತ್ರಿ ಡ್ಯೂಟಿಯಲ್ಲಿ ಯಾವ ಅರ್ಹತೆಯ ವೈದ್ಯರಿರುತ್ತಾರೆ? ಹೃದಯ ತಜ್ಞರು ಇಲ್ಲೇ ವಾಸಿಸುತ್ತಾರೆಯೇ, ವಾರಕ್ಕೊಮ್ಮೆ ಬಂದು ಹೋಗುತ್ತಾರೆಯೇ? ರಕ್ತನಿಧಿ ಎಲ್ಲಿದೆ? ಇಲ್ಲಿ ಆಗದ ರೋಗಿಯನ್ನು ನೀವು ಎಲ್ಲಿಗೆ ಕಳಿಸುತ್ತೀರಿ? ಕೊನೆಯ ಪ್ರಶ್ನೆಗೆ ಸಿಗುವ ಉತ್ತರವೇ ನಿಮ್ಮ ನಿಜವಾದ ಆಸ್ಪತ್ರೆಯ ಹೆಸರು.

ಈ ಅಳತೆಯಲ್ಲಿ ಊರುಗಳ ನಡುವಿನ ವ್ಯತ್ಯಾಸ ಬೇಗ ತೆರೆದುಕೊಳ್ಳುತ್ತದೆ. ಕಾರ್ಕಳದಿಂದ ಮಣಿಪಾಲದ ಆಸ್ಪತ್ರೆಗೆ ಸುಮಾರು 35 ಕಿ.ಮೀ., ಕುಂದಾಪುರದಿಂದ ಅದಕ್ಕಿಂತ ಸ್ವಲ್ಪ ಹೆಚ್ಚು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಫೋಂಡಾದವರಿಗೆ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು, ತಳೇಗಾಂವ್‌ನವರಿಗೆ ಪಿಂಪ್ರಿ-ಚಿಂಚವಾಡ ಕೈಗೆಟುಕುವಂತಿವೆ. ಮನೆಯಲ್ಲಿ ಡಯಾಲಿಸಿಸ್ ನಡೆಯುತ್ತಿರುವವರಿದ್ದರೆ ವಾರಕ್ಕೆ ಸಾಮಾನ್ಯವಾಗಿ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆಯಷ್ಟು ಸಮಯ ಬೇಕಾಗುವುದರಿಂದ, ಕೇಂದ್ರ ಊರಿನೊಳಗೇ ಇದ್ದು ಸರದಿ ಖಾಲಿ ಇದೆಯೆಂದು ಬಾಯಿಮಾತಿನಲ್ಲಲ್ಲದೆ ಕಾಗದದಲ್ಲಿ ಖಚಿತವಾಗುವ ತನಕ ಉಳಿದ ಯಾವ ವಿಚಾರವೂ ಬೇಡ.

ವಿಮೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಹಲವು ಆರೋಗ್ಯ ವಿಮೆಗಳ ಕಂತು ವಾಸಸ್ಥಳದ ವಲಯದ ಮೇಲೆ ನಿಂತಿರುತ್ತದೆ. ಸಣ್ಣ ಊರಿನ ವಿಳಾಸ ಕೊಟ್ಟರೆ ಕಂತು ಇಳಿಯಬಹುದು, ಆದರೆ ಅಂಥ ಪಾಲಿಸಿಗಳಲ್ಲಿ ಮುಂಬಯಿಗೆ ಬಂದು ಚಿಕಿತ್ಸೆ ಪಡೆದಾಗ ಬಿಲ್ಲಿನ ಒಂದು ಪಾಲನ್ನು ನೀವೇ ಭರಿಸಬೇಕೆಂಬ ಷರತ್ತು ಇರುವುದುಂಟು. ನಗದುರಹಿತ ಸೌಲಭ್ಯವಿರುವ ಆಸ್ಪತ್ರೆಗಳ ಪಟ್ಟಿಯಲ್ಲಿ ಹೊಸ ಊರಿನ ಹೆಸರಿದೆಯೇ ಎಂಬುದನ್ನೂ ಈಗಲೇ ನೋಡಿ. 70 ದಾಟಿದವರಿಗೆ 2024ರಿಂದ ಆಯುಷ್ಮಾನ್ ಭಾರತದಡಿ ಆದಾಯದ ಮಿತಿಯಿಲ್ಲದೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ರಕ್ಷಣೆ ಘೋಷಣೆಯಾಗಿದೆ. ನೀವು ಗುರುತು ಹಾಕಿದ ಆಸ್ಪತ್ರೆ ಅದನ್ನು ಸ್ವೀಕರಿಸುತ್ತದೆಯೇ ಎಂದು ಅಲ್ಲಿನ ಕೌಂಟರಿನಲ್ಲೇ ವಿಚಾರಿಸಬೇಕು.

ಹಂತ 5: ಮೇ ತಿಂಗಳಲ್ಲಿ ನೀರು, ಜುಲೈ ತಿಂಗಳಲ್ಲಿ ಕರೆಂಟು

ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಕರಾವಳಿಯಲ್ಲಿ ನೀರಿಗೆ ಬರವೇ ಎಂದು ಮುಂಬಯಿಯಲ್ಲಿ ಕುಳಿತವರು ಕೇಳುತ್ತಾರೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ, ಮುರಕಲ್ಲಿನ ನೆಲ ನೀರನ್ನು ಹೆಚ್ಚು ಕಾಲ ಹಿಡಿದಿಡುವುದಿಲ್ಲ. ಹೀಗಾಗಿ ಆಗಸ್ಟಿನಲ್ಲಿ ಕೈಗೆಟುಕುವಷ್ಟು ತುಂಬಿದ ಬಾವಿ ಏಪ್ರಿಲ್ ಕೊನೆಗೆ ತಳ ಕಾಣುವುದು ಗುಡ್ಡದ ಮೇಲಿನ ಮನೆಗಳಲ್ಲಿ ಹೊಸತೇನಲ್ಲ. ಲೋಣಾವಳ, ಕರ್ಜತ್ ಕಡೆಯ ಬೆಟ್ಟದ ಬುಡದ ಬಂಗಲೆಗಳಿಗೂ ಬೇಸಿಗೆಯ ಟ್ಯಾಂಕರ್ ಪರಿಚಿತವೇ.

ಮನೆ ತೋರಿಸುವವರನ್ನು ಕೇಳಿ ಪ್ರಯೋಜನವಿಲ್ಲ. ಮೇ ಮೂರನೆಯ ವಾರದಲ್ಲಿ ಹೋಗಿ, ನೀವು ನೋಡಿದ ಮನೆಯ ಎರಡೂ ಬದಿಯ ನೆರೆಯವರ ಬಾವಿಗೆ ಇಣುಕಿ ನೋಡಿ. ಬೋರ್‌ವೆಲ್ ಇದ್ದರೆ ಎಷ್ಟು ಆಳ, ಯಾವ ವರ್ಷ ತೋಡಿಸಿದ್ದು, ಆಮೇಲೆ ಇನ್ನೊಂದನ್ನು ತೋಡಿಸಬೇಕಾಯಿತೇ ಎಂದು ಕೇಳಿ. ಪುರಸಭೆಯ ನಲ್ಲಿಯಿದ್ದರೆ ದಿನಕ್ಕೊಮ್ಮೆಯೋ ಎರಡು ದಿನಕ್ಕೊಮ್ಮೆಯೋ, ಎಷ್ಟು ಹೊತ್ತು ಎಂದು ತಿಳಿದುಕೊಳ್ಳಿ. ಸಮುದ್ರಕ್ಕೆ, ಅಳಿವೆಗೆ ಹತ್ತಿರದ ಜಾಗಗಳಲ್ಲಿ ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವುದುಂಟು. ಒಂದು ಲೋಟ ಕುಡಿದು ನೋಡಿದರೆ ಪ್ರಯೋಗಾಲಯದ ವರದಿಗೂ ಮುನ್ನ ಅರ್ಧ ಉತ್ತರ ಸಿಕ್ಕಿರುತ್ತದೆ.

ಕರೆಂಟಿನ ವಿಚಾರ ಡೊಂಬಿವಲಿ, ಕಲ್ಯಾಣದವರಿಗೆ ವಿವರಿಸಬೇಕಾಗಿಲ್ಲ. ಮಾಟುಂಗ, ದಾದರಿನಲ್ಲಿ ಇನ್ವರ್ಟರ್ ಕಾಣದೆ ಬೆಳೆದವರಿಗೆ ಮಾತ್ರ ಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದು ದಿನವಿಡೀ ಕತ್ತಲೆಯಾಗುವುದು ಹೊಸ ಅನುಭವ. 2020ರ ಜೂನ್ 3ರಂದು ರಾಯಗಡ ಕರಾವಳಿಗೆ ಅಪ್ಪಳಿಸಿದ ನಿಸರ್ಗ ಚಂಡಮಾರುತದ ನಂತರ ಶ್ರೀವರ್ಧನ, ದಾಪೋಲಿ ಕಡೆಯ ಹಲವು ಹಳ್ಳಿಗಳಿಗೆ ವಾರಗಟ್ಟಲೆ ಕರೆಂಟು ಬರಲಿಲ್ಲ. ಅದು ಅಪರೂಪದ ಆಪತ್ತು. ಆದರೆ ಮಳೆಗಾಲದ ದಿನನಿತ್ಯದ ಕಡಿತ ಅಪರೂಪವಲ್ಲ. ಜುಲೈಯಲ್ಲಿ ಆ ಊರಿನ ಲಾಡ್ಜಿನಲ್ಲೋ ಬಾಡಿಗೆ ಕೋಣೆಯಲ್ಲೋ ಒಂದು ಪೂರ್ತಿ ವಾರ ಉಳಿದು, ಕರೆಂಟು ಹೋದ ಮತ್ತು ಬಂದ ಸಮಯಗಳನ್ನು ಬರೆದಿಡಿ. ನೆಂಟರ ಮನೆಯಲ್ಲಿ ಉಳಿಯಬೇಡಿ, ಅಲ್ಲಿ ನಿಮ್ಮ ಕಷ್ಟಗಳನ್ನು ಮರೆಮಾಚುವವರು ಇರುತ್ತಾರೆ. ಮನೆಯಿಂದ ಕೆಲಸ ಮಾಡುವವರು ಅದೇ ವಾರ ರಜೆ ಹಾಕದೆ ನಿಜವಾದ ಕಚೇರಿ ಕೆಲಸವನ್ನೇ ಮಾಡಿ ನೋಡಲಿ. ಕರೆಂಟು ಹೋದಾಗ ಫೈಬರ್ ಸಂಪರ್ಕ ಉಳಿಯುತ್ತದೆಯೇ, ಮೊಬೈಲ್ ಟವರ್ ಎಷ್ಟು ಹೊತ್ತು ಬದುಕಿರುತ್ತದೆ, ಎರಡು ಬೇರೆ ಕಂಪನಿಗಳ ಸಿಮ್ ಮನೆಯೊಳಗೆ ಕೆಲಸ ಮಾಡುತ್ತವೆಯೇ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಹಂತ 6: ನದಿ ಮತ್ತು ಗುಡ್ಡದ ನಡತೆಯನ್ನು ವಿಚಾರಿಸಿ

2019ರ ಜುಲೈ 27ರಂದು ಉಲ್ಹಾಸ್ ನದಿ ಉಕ್ಕಿ ಬದಲಾಪುರ-ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನಲ್ಲಿ ನಿಂತುಹೋಗಿ, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ರಕ್ಷಿಸಬೇಕಾಯಿತು. 2021ರ ಜುಲೈಯಲ್ಲಿ ವಾಶಿಷ್ಠಿ ನದಿ ಚಿಪಳೂಣ ಪೇಟೆಯನ್ನು ಮುಳುಗಿಸಿತು, ಅದೇ ದಿನಗಳಲ್ಲಿ ಮಹಾಡ ಬಳಿಯ ತಳಿಯೆ ಗ್ರಾಮದ ಮೇಲೆ ಗುಡ್ಡ ಕುಸಿಯಿತು. 2023ರ ಜುಲೈಯಲ್ಲಿ ಖಾಲಾಪುರ ತಾಲೂಕಿನ ಇರ್ಶಾಲವಾಡಿ, 2024ರ ಜುಲೈಯಲ್ಲಿ ಅಂಕೋಲಾ ಬಳಿಯ ಶಿರೂರು. ಇವೆಲ್ಲ ನಾವು ರಜೆಗೆ ಹೋಗುವ, ಜಾಗ ನೋಡುವ ಪ್ರದೇಶಗಳೇ. ಆದ್ದರಿಂದ ನದಿಯ ನೋಟವಿರುವ ಮನೆ, ಗುಡ್ಡ ಕಡಿದು ಸಮತಟ್ಟು ಮಾಡಿದ ನಿವೇಶನ ಎಂಬ ಜಾಹೀರಾತುಗಳನ್ನು ಓದುವಾಗ ಮೆಚ್ಚುಗೆಗಿಂತ ಮೊದಲು ಪ್ರಶ್ನೆ ಹುಟ್ಟಬೇಕು.

ಹಳೆಯ ಅಂಗಡಿಯವರನ್ನು ಕೇಳಿದರೆ 2005ರಲ್ಲಿ, 2019ರಲ್ಲಿ, 2021ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆ ಮುಟ್ಟಿ ತೋರಿಸುತ್ತಾರೆ. ಮನೆಯ ಹಿಂದೆ ಲಂಬವಾಗಿ ಕಡಿದ ಧರೆಯಿದ್ದರೆ, ಅದಕ್ಕೆ ತಡೆಗೋಡೆಯಿದ್ದರೂ ಇಲ್ಲದಿದ್ದರೂ, ಆ ಮನೆಯನ್ನು ಬಿಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಹಂತ 7: ಶಾಲೆ-ಕಾಲೇಜಿನ ಲೆಕ್ಕವನ್ನು ರಾಜ್ಯದ ಗಡಿಯೊಂದಿಗೆ ಸೇರಿಸಿ ನೋಡಿ

ಮಕ್ಕಳು ಇನ್ನೂ ಓದುತ್ತಿರುವ ಮನೆಗಳಲ್ಲಿ ಊರಿಗಿಂತ ಯಾವ ತರಗತಿಯಲ್ಲಿ ಹೋಗುತ್ತೇವೆ ಎಂಬುದೇ ಹೆಚ್ಚು ಮುಖ್ಯ. ಕರ್ನಾಟಕದ ವೃತ್ತಿಶಿಕ್ಷಣದ ಸರ್ಕಾರಿ ಕೋಟಾಕ್ಕೆ ಸಾಮಾನ್ಯ ನಿಯಮದಂತೆ ಒಂದನೆಯ ತರಗತಿಯಿಂದ ಹನ್ನೆರಡರೊಳಗೆ ಕನಿಷ್ಠ ಏಳು ವರ್ಷ ಆ ರಾಜ್ಯದಲ್ಲಿ ಓದಿರಬೇಕು. ಹೊರನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶವಿದೆಯಾದರೂ ಅದರ ಷರತ್ತುಗಳನ್ನು ಆಯಾ ವರ್ಷದ ಮಾಹಿತಿ ಪುಸ್ತಕದಲ್ಲೇ ಓದಬೇಕು. ಮಹಾರಾಷ್ಟ್ರದಲ್ಲಿ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳನ್ನು ಈ ರಾಜ್ಯದಲ್ಲೇ ಮುಗಿಸಿರುವುದಕ್ಕೆ ಹೆಚ್ಚಿನ ತೂಕವಿದೆ. ಎಂಟು ಅಥವಾ ಒಂಬತ್ತನೆಯ ತರಗತಿಯಲ್ಲಿ ಗಡಿ ದಾಟಿದ ಮಗುವಿಗೆ ಎರಡೂ ಕಡೆಯ ಬಾಗಿಲು ಮುಚ್ಚುವ ಅಪಾಯವಿರುವುದರಿಂದ, ಅಂಥ ಮನೆಯವರು ಕರ್ಜತ್, ತಳೇಗಾಂವ್‌ಗಳಂತಹ ರಾಜ್ಯದೊಳಗಿನ ಊರನ್ನು ನೋಡುವುದು, ಇಲ್ಲವೇ ಹನ್ನೆರಡು ಮುಗಿಯುವ ತನಕ ಕಾಯುವುದು ಮೇಲು.

ಕರ್ನಾಟಕದ ಶಾಲೆಗಳಲ್ಲಿ ಕನ್ನಡ ಕಲಿಕೆ ಕಡ್ಡಾಯವಾಗಿದೆ. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಸರಾಗವಾಗಿ ಆಡುವ ಮುಂಬಯಿ ಮಗುವಿಗೆ ಅಕ್ಷರ ಬಾರದಿರುವುದು ಸಾಮಾನ್ಯ. ಶಾಲೆ ಸೇರಿಸುವ ಮುನ್ನಿನ ವರ್ಷದಿಂದಲೇ ಓದು-ಬರಹ ಆರಂಭಿಸಬೇಕು, ವಿನಾಯಿತಿ ಸಿಗುವುದೇ ಎಂಬುದನ್ನು ಶಾಲೆಯಲ್ಲೇ ಕೇಳಿಕೊಳ್ಳಬೇಕು.

ಹಂತ 8: ವಾರದ ದಿನ ಊರಿನಲ್ಲಿ ನಡೆದಾಡಿ, ಜನರೊಂದಿಗೆ ಮಾತಾಡಿ

ಭಾನುವಾರ ಲೋಣಾವಳ ನೋಡಿದವರು ಪ್ರವಾಸಿಗರನ್ನು ನೋಡಿರುತ್ತಾರೆ, ಊರನ್ನಲ್ಲ. ಮಂಗಳವಾರವೋ ಬುಧವಾರವೋ ಹೋಗಿ, ಬೆಳಗ್ಗೆ ಹಾಲಿನ ಅಂಗಡಿ, ಹನ್ನೊಂದಕ್ಕೆ ಬ್ಯಾಂಕು, ಮಧ್ಯಾಹ್ನ ಔಷಧಿ ಅಂಗಡಿ, ರಾತ್ರಿ ಎಂಟೂವರೆಗೆ ಬಸ್ ನಿಲ್ದಾಣ, ಹೀಗೆ ಒಂದು ದಿನ ಕಳೆಯಿರಿ. ನೀವು ದಿನವೂ ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನು ಎರಡು ಅಂಗಡಿಗಳಲ್ಲಿ ತೋರಿಸಿ, ಎಷ್ಟು ಸಿಗುತ್ತವೆ, ಉಳಿದವು ಎಷ್ಟು ದಿನದಲ್ಲಿ ಬರುತ್ತವೆ ಎಂದು ನೋಡಿ. ರಿಪೇರಿಯವರು ಹೇಳಿದ ದಿನ ಬರುತ್ತಾರೆಯೇ, ಮನೆಕೆಲಸಕ್ಕೆ ಜನ ಸಿಗುತ್ತಾರೆಯೇ ಎಂಬುದು ವೃದ್ಧ ದಂಪತಿಗಳಿಗೆ ಬಹು ಮುಖ್ಯವಾದ ಪ್ರಶ್ನೆ. ಹೊರಗೆ ದುಡಿಯಲು ಹೋದವರೇ ಹೆಚ್ಚಿರುವ ಕರಾವಳಿಯಲ್ಲಿ ಆಳುಕಾಳು ಸಿಗುವುದು ಮುಂಬಯಿಗಿಂತ ಕಷ್ಟ.

ಬಸ್ಸಿನ ಬಗ್ಗೆ ಒಂದು ಸಣ್ಣ ವಿವರ. ಕರ್ನಾಟಕದಲ್ಲಿ 2023ರ ಜೂನ್‌ನಿಂದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ, ಅದಕ್ಕೆ ರಾಜ್ಯದ ವಿಳಾಸವಿರುವ ಗುರುತುಪತ್ರ ಬೇಕು. ಆದರೆ ಉಡುಪಿ, ದಕ್ಷಿಣ ಕನ್ನಡಗಳ ಸ್ಥಳೀಯ ಓಡಾಟದಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚಾಗಿರುವುದರಿಂದ ಆ ಲಾಭವನ್ನು ಖರ್ಚಿನ ಲೆಕ್ಕದಲ್ಲಿ ದೊಡ್ಡದಾಗಿ ಹಿಡಿಯಬಾರದು.

ಸಾಮಾಜಿಕ ಜೀವನದ ವಿಚಾರ ಸೂಕ್ಷ್ಮವಾದದ್ದು. ಮುಂಬಯಿಯಲ್ಲಿ ನಮಗೆ ಮಾಟುಂಗದ ಮೈಸೂರು ಅಸೋಸಿಯೇಷನ್‌ನಂಥ ಸಂಸ್ಥೆಗಳಿವೆ, ಜಾತಿ ಸಂಘಗಳಿವೆ, ಯಕ್ಷಗಾನ-ನಾಟಕಗಳ ಕಾಲವಿದೆ, ಬೇಡವೆನಿಸಿದ ದಿನ ಬಾಗಿಲು ಹಾಕಿಕೊಂಡು ಕೂರುವ ಹಕ್ಕೂ ಇದೆ. ಸಣ್ಣ ಊರಿನಲ್ಲಿ ಕೊನೆಯ ಹಕ್ಕು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಕೆಲವರಿಗೆ ಅದು ಆಸರೆ, ಕೆಲವರಿಗೆ ಉಸಿರುಗಟ್ಟಿಸುವ ಸಂಗತಿ. ತಾವು ಯಾವ ಬಗೆಯವರೆಂದು ಅವರವರೇ ತಿಳಿಯಬೇಕು. ಮುಂಬಯಿಯಿಂದ ಈಗಾಗಲೇ ಅಲ್ಲಿಗೆ ಹೋಗಿ ಮೂರು-ನಾಲ್ಕು ವರ್ಷ ಕಳೆದವರನ್ನು ಹುಡುಕಿ ಮಾತಾಡಿಸಿ, ಅದರಲ್ಲೂ ಗಂಡ-ಹೆಂಡಿರನ್ನು ಬೇರೆ ಬೇರೆಯಾಗಿ. ವಾಪಸು ಬಂದವರು ಸಿಕ್ಕರೆ ಅವರ ಮಾತಿಗೆ ಇನ್ನೂ ಹೆಚ್ಚಿನ ಬೆಲೆ ಕೊಡಿ.

ಹಂತ 9: ಜಾಗದ ಕಾಗದಪತ್ರಗಳನ್ನು ಮನೆಗಿಂತ ಮೊದಲು ನೋಡಿ

ಸೊಸೈಟಿ ಫ್ಲ್ಯಾಟಿನ ಶೇರ್ ಸರ್ಟಿಫಿಕೇಟ್, ನೋಂದಾಯಿತ ಒಪ್ಪಂದಗಳಿಗೆ ಒಗ್ಗಿಕೊಂಡವರಿಗೆ ಜಮೀನಿನ ದಾಖಲೆ ಬೇರೆಯೇ ಲೋಕ. ಅಳತೆಯಿಂದಲೇ ಶುರು ಮಾಡೋಣ. ಮಹಾರಾಷ್ಟ್ರದ ಜಾಹೀರಾತುಗಳಲ್ಲಿ ಗುಂಟೆ, ನಮ್ಮ ಕರಾವಳಿಯಲ್ಲಿ ಸೆಂಟ್ಸ್. ಒಂದು ಗುಂಟೆ 1,089 ಚದರಡಿ, ಅಂದರೆ ಎರಡೂವರೆ ಸೆಂಟ್ಸ್.

ಮಹಾರಾಷ್ಟ್ರದಲ್ಲಿ ಕೃಷಿಕರಲ್ಲದವರು ಕೃಷಿ ಜಮೀನನ್ನು ಸಾಮಾನ್ಯವಾಗಿ ಕೊಳ್ಳುವಂತಿಲ್ಲ. ಆದ್ದರಿಂದ ಸಾತ್‌ಬಾರಾ ಉತಾರೆಯಲ್ಲಿ (ಅಲ್ಲಿನ ಪಹಣಿ) ಜಮೀನು ಎನ್.ಎ., ಅಂದರೆ ಕೃಷಿಯೇತರ, ಆಗಿದೆಯೇ ಎಂಬುದು ಮೊದಲ ಪ್ರಶ್ನೆ. ಎರಡನೆಯದು ಭೋಗವಟಾದಾರರ, ಅಂದರೆ ಜಮೀನಿನ ಹಕ್ಕುದಾರರ, ವರ್ಗ: ವರ್ಗ 2 ಎಂದಿದ್ದರೆ ಮಾರಾಟಕ್ಕೆ ಸರ್ಕಾರಿ ಅನುಮತಿ ಬೇಕು. ಕರ್ಜತ್, ಮುರಬಾಡ, ಶಹಾಪುರ ಕಡೆಗಳಲ್ಲಿ ಜಮೀನು ಆದಿವಾಸಿ ಕುಟುಂಬದ್ದಾಗಿತ್ತೇ ಎಂಬುದನ್ನು ಹಳೆಯ ಫೇರ್‌ಫಾರ್‌ಗಳಲ್ಲಿ (ಹಕ್ಕು ಬದಲಾವಣೆಯ ದಾಖಲೆಗಳಲ್ಲಿ) ಹುಡುಕಿಸಬೇಕು. ಗೋವೆಯಲ್ಲಿ ಫಾರ್ಮ್ 1 ಮತ್ತು 14ರ ದಾಖಲೆಯಲ್ಲಿ ಗೇಣಿದಾರರ ಅಥವಾ ಮುಂಡಕಾರರ (ಬೇರೆಯವರ ಜಾಗದಲ್ಲಿ ಮನೆ ಮಾಡಿಕೊಂಡಿರುವ ಹಕ್ಕುಳ್ಳವರ) ಹೆಸರಿದೆಯೇ, ಜಾಗ ಕೊಮುನಿದಾದಿಗೆ, ಅಂದರೆ ಗ್ರಾಮ ಸಮುದಾಯದ ಸಾಮೂಹಿಕ ಸಂಸ್ಥೆಗೆ, ಸೇರಿದ್ದೇ ಎಂದು ನೋಡಬೇಕು. ಅಲ್ಲಿನ ಸಿವಿಲ್ ಕಾನೂನಿನಂತೆ ಪತಿ-ಪತ್ನಿ ಇಬ್ಬರ ಸಹಿಯೂ ಬೇಕಾಗುತ್ತದೆ.

ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಮನೆ ಕಟ್ಟಲು ಭೂಪರಿವರ್ತನೆ ಆಗಿರಬೇಕು, ಪಂಚಾಯಿತಿ ವ್ಯಾಪ್ತಿಯ ನಿವೇಶನಕ್ಕೆ ಜನ ನೈನ್-ಇಲೆವೆನ್ ಎನ್ನುವ ನಮೂನೆ 9 ಮತ್ತು 11 (ಪಂಚಾಯಿತಿಯ ಆಸ್ತಿ ದಾಖಲೆಗಳು) ಇರಬೇಕು. ಪಹಣಿ, ಮ್ಯುಟೇಶನ್, ಋಣಭಾರ ಪತ್ರಗಳ ಜೊತೆಗೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಿ. ಅಂಥದ್ದನ್ನು ಅನುಮತಿಯಿಲ್ಲದೆ ಮಾರಿದರೆ 1978ರ ಕಾಯ್ದೆಯಂತೆ ಮಾರಾಟವೇ ಅಸಿಂಧು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಇನ್ನೊಂದು ತೊಡಕು ಕುಮ್ಕಿ. ವರ್ಗ ಜಮೀನಿನ (ಖಾಸಗಿ ಪಟ್ಟಾ ಜಮೀನಿನ) ಸುತ್ತ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ಪಡೆಯುವ ಸವಲತ್ತಷ್ಟೇ ಅದು, ಒಡೆತನವಲ್ಲ. ಎಕರೆ ಜಾಗವೆಂದು ತೋರಿಸಿದ್ದರಲ್ಲಿ ಅರ್ಧ ಕುಮ್ಕಿಯಾಗಿದ್ದರೆ ನೀವು ಕೊಳ್ಳುತ್ತಿರುವುದು ಅರ್ಧ ಎಕರೆ ಮಾತ್ರ.

ಎಲ್ಲಕ್ಕಿಂತ ಜಟಿಲವಾದದ್ದು ಸ್ವಂತ ಕುಟುಂಬದ ಜಾಗ. ತರವಾಡಿನ ಮನೆಯ ಪಕ್ಕ ಒಂದು ಮನೆ ಕಟ್ಟಿಕೊಳ್ಳೋಣವೆಂದು ಅಣ್ಣ ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು, ಪಾಲುಪಟ್ಟಿ ನೋಂದಣಿಯಾಗಿ, ಅಕ್ಕ-ತಂಗಿಯರ ಸಹಿ ಬಿದ್ದು, ಪಹಣಿಯಲ್ಲಿ ನಿಮ್ಮ ಹೆಸರು ಬರುವ ತನಕ ಅಲ್ಲಿ ಒಂದು ಕಲ್ಲನ್ನೂ ಇಡಬೇಡಿ. ಇದನ್ನು ಹೇಳಿದರೆ ನೆಂಟಸ್ತಿಕೆ ಕೆಡುತ್ತದೆಂಬ ಅಳುಕು ಸಹಜ. ಗೋಡೆ ಎದ್ದ ಮೇಲೆ ಹೇಳಿದರೆ ಇನ್ನೂ ಹೆಚ್ಚು ಕೆಡುತ್ತದೆ.

ಹಂತ 10: ಒಂದು ಪೂರ್ತಿ ವರ್ಷ ಬಾಡಿಗೆಗೆ ಇದ್ದು ನೋಡಿ

ಇಷ್ಟೆಲ್ಲ ಪರೀಕ್ಷೆಯಲ್ಲಿ ಗೆದ್ದ ಊರಿನಲ್ಲೂ ಕೂಡಲೇ ಕೊಳ್ಳಬಾರದು, ಮುಂಬಯಿಯ ಫ್ಲ್ಯಾಟನ್ನು ಕೂಡಲೇ ಮಾರಬಾರದು. ಇಲ್ಲಿಯದನ್ನು ಲೀವ್ ಅಂಡ್ ಲೈಸೆನ್ಸ್ (ಬಾಡಿಗೆ ಕರಾರು) ಮೇಲೆ ಹನ್ನೊಂದು ತಿಂಗಳಿಗೆ ಕೊಟ್ಟು, ಅಲ್ಲಿ ಬಾಡಿಗೆ ಹಿಡಿಯಿರಿ. ಏಪ್ರಿಲ್‌ನಲ್ಲಿ ಹೋದರೆ ಮೊದಲು ಬೇಸಿಗೆಯ ನೀರು, ಬೆನ್ನಿಗೇ ಮಳೆಗಾಲ ಎರಡೂ ಬೇಗ ಮುಗಿಯುತ್ತವೆ. ನವೆಂಬರಿನಲ್ಲಿ ಹೋದವರು ಆರು ತಿಂಗಳು ಊರನ್ನು ಹೊಗಳುತ್ತಲೇ ಕಳೆಯುತ್ತಾರೆ.

ಈ ಎಚ್ಚರಿಕೆಗೆ ಹಣಕಾಸಿನ ಕಾರಣವೂ ಇದೆ. ಮಾರಿದ ಮೇಲೆ ಮುಂಬಯಿಗೆ ಮರಳಬೇಕೆಂದರೆ ಆಗಿನ ಬೆಲೆಯ ಮೇಲೆ ಇಲ್ಲಿ ಸಾಮಾನ್ಯವಾಗಿ 6% ಮುದ್ರಾಂಕ ಶುಲ್ಕ, ಜೊತೆಗೆ ನೋಂದಣಿ ಶುಲ್ಕ, ದಲ್ಲಾಳಿಯ ಪಾಲು ಎಲ್ಲವನ್ನೂ ಮತ್ತೆ ಕಟ್ಟಬೇಕು. ಮಾರಿದ ಲಾಭದ ಮೇಲಿನ ತೆರಿಗೆಯಿಂದ ವಿನಾಯಿತಿ ಬೇಕಾದರೆ ಹೊಸ ಮನೆಯನ್ನು ಮಾರಾಟಕ್ಕೆ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಕೊಳ್ಳಬೇಕು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಬೇಕು. ಊರು ಹಿಡಿಸುವುದೋ ಇಲ್ಲವೋ ಗೊತ್ತಾಗುವ ಮೊದಲೇ ಮಾರಿದರೆ ಈ ಗಡುವು ಬೆನ್ನು ಹತ್ತಿ, ಸಿಕ್ಕ ಜಾಗವನ್ನು ಕೊಳ್ಳುವಂತೆ ಮಾಡುತ್ತದೆ.

ಬಾಡಿಗೆಯ ವರ್ಷದಲ್ಲಿ ಖರ್ಚನ್ನು ತಿಂಗಳಿಗೊಮ್ಮೆ ಬರೆದಿಡಿ. ತರಕಾರಿ, ಮನೆ ಬಾಡಿಗೆ ಇಳಿದಿರುತ್ತವೆ. ಏರಿರುವುದು ಪೆಟ್ರೋಲು, ಇನ್ವರ್ಟರ್ ಬ್ಯಾಟರಿ, ಮುಂಬಯಿ ಓಡಾಟದ ಟಿಕೆಟ್ಟು, ಮತ್ತು ಊರಿನಲ್ಲಿದ್ದೂ ತಪ್ಪಿಸಲಾಗದ ಮದುವೆ-ಮುಂಜಿಗಳ ಉಡುಗೊರೆ. ಹಂತ 1ರಲ್ಲಿ ಗುರುತು ಹಾಕಿದ ಗೆರೆಗಳನ್ನು ಸೆಪ್ಟೆಂಬರಿನಲ್ಲೊಮ್ಮೆ, ಮಾರ್ಚಿನಲ್ಲೊಮ್ಮೆ ತೆಗೆದು ನೋಡಿ. ಯಾರದ್ದಾದರೂ ಒಂದು ಗೆರೆ ಎರಡೂ ಸಲ ಮುರಿದಿದ್ದರೆ ಆ ಊರನ್ನು ಬಿಟ್ಟು ಪಟ್ಟಿಯ ಎರಡನೆಯ ಊರಿಗೆ ಇದೇ ಕ್ರಮವನ್ನು ಅನ್ವಯಿಸಿ.

ಅಲ್ಲಿಯವರೆಗೆ ಆಧಾರ್, ಮತದಾರರ ಪಟ್ಟಿ, ಪಡಿತರ ಚೀಟಿಗಳ ವಿಳಾಸವನ್ನು ಬದಲಿಸುವ ಅವಸರ ಬೇಡ. ರಾಜ್ಯ ಸರ್ಕಾರದ ಆರೋಗ್ಯ ಯೋಜನೆಗಳು ಈ ವಿಳಾಸಗಳಿಗೇ ಕಟ್ಟಿಬಿದ್ದಿವೆ. ಎಂ.ಎಚ್. ನಂಬರಿನ ಕಾರನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮಾತ್ರ ಇಲ್ಲಿನ ಆರ್.ಟಿ.ಒ.ದಿಂದ ಎನ್.ಒ.ಸಿ. (ನಿರಾಕ್ಷೇಪಣಾ ಪತ್ರ) ಪಡೆದು ಅಲ್ಲಿ ಮರುನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕಾಗುತ್ತದೆ. ಆದ್ದರಿಂದ ಗಡಿ ದಾಟಿದ ಟೋಲಿನ ರಸೀದಿಯನ್ನು ಅಥವಾ ಫಾಸ್ಟ್‌ಟ್ಯಾಗ್ ವಿವರವನ್ನು ಇಟ್ಟುಕೊಂಡು, ಕಾರಿನ ವಿಚಾರವನ್ನು ಹನ್ನೊಂದನೆಯ ತಿಂಗಳಿನಲ್ಲಿ, ಬಾಡಿಗೆ ಕರಾರು ಮುಗಿಯುವ ಹೊತ್ತಿಗೇ ತೀರ್ಮಾನಿಸಿಕೊಳ್ಳಿ.